‘ಹುಡುಗೀರು ನಿಲ್ಲಲ್ಲ’ ಅನ್ನುವ ದಾವಣಗೆರೆಯ ಜವಳಿ ಅಂಗಡಿ ಮಾಲೀಕರಿಗೆ

ಮಾಲೀಕರೇ, ನಮಸ್ಕಾರ.

ನಾನು ಈ ಊರಿನವಳೇ. ನಿಟುವಳ್ಳಿಯಲ್ಲಿ ಮನೆ. 22 ವರ್ಷದಿಂದ ದಾವಣಗೆರೆಯ ಜವಳಿ ಅಂಗಡಿಗಳಲ್ಲಿ ಸೀರೆ ತೋರಿಸುತ್ತಿದ್ದೇನೆ. ಇಷ್ಟರಲ್ಲಿ ನಾಲ್ಕು ಅಂಗಡಿ ಕಂಡಿದ್ದೇನೆ. ಈಗ ಇರುವ ಕಡೆ ನನಗೆ ಫ್ಲೋರ್ ಇನ್‌ಚಾರ್ಜ್ ಅಂತ ಹೆಸರು. ಅಂದರೆ ಹುಡುಗಿಯರಿಗೆ ಬೈಯುವುದೂ ನಾನೇ, ಅವರ ಪರವಾಗಿ ಬೈಸಿಕೊಳ್ಳುವುದೂ ನಾನೇ. ಪತ್ರದ ಕೆಳಗೆ ಹೆಸರು ಹಾಕುತ್ತಿಲ್ಲ. ಹಾಕಿದರೆ ಇವಳು ಯಾವ ಅಂಗಡಿಯವಳು ಅಂತ ಹುಡುಕುವುದರಲ್ಲೇ ನಿಮ್ಮ ಹೊತ್ತು ಹೋಗುತ್ತದೆ. ಅಂಗಡಿಗಳ ಹೆಸರನ್ನೂ ಹೇಳುವುದಿಲ್ಲ. ಓದುವಾಗ ಇದು ನಮ್ಮದೇ ಇರಬೇಕು ಅಂತ ಅನುಮಾನ ಬಂದರೆ, ಬರಲಿ ಬಿಡಿ.

ಈಗ ಬರೆಯಲು ಕಾರಣ ಒಂದು ಟ್ರೈನಿಂಗ್. ಮದುವೆ ಸೀಸನ್ ನಡುವೆಯೇ ಮೂರ್ನಾಲ್ಕು ಅಂಗಡಿಯವರು ಸೇರಿ ಒಂದು ಹಾಲ್ ಹಿಡಿದು ನಮ್ಮನ್ನೆಲ್ಲ ಕರೆಸಿದ್ದಿರಿ. ಅದೂ ವಾರದ ರಜೆಯ ದಿನ. ‘ನೌಕರರಲ್ಲಿ ಹುರುಪು ತುಂಬುವುದು ಹೇಗೆ’ ಅಂತ ದೊಡ್ಡ ಬ್ಯಾನರ್ ಕಟ್ಟಿತ್ತು. ಬೆಂಗಳೂರಿನಿಂದ ಬಂದವರು ಕಿವಿಗೆ ಮೈಕ್ ಸಿಕ್ಕಿಸಿಕೊಂಡು ಎರಡು ತಾಸು ಮಾತಾಡಿದರು. ಚಪ್ಪಾಳೆ ತಟ್ಟಿಸಿದರು. ‘ನಾನೇ ಬೆಸ್ಟ್’ ಅಂತ ಮೂರು ಸಲ ಕೂಗಿಸಿದರು. ಬಲೂನ್ ಊದಿಸಿ ಒಡೆಸಿದರು. ಅದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಿಜ ಹೇಳಬೇಕೆಂದರೆ ನನಗೆ ಅಲ್ಲಿ ಹಿಡಿಸಿದ್ದು ಕುರ್ಚಿ. ಬಿಳಿ ಬಟ್ಟೆ ಹೊದಿಸಿದ ಮೆತ್ತನೆ ಕುರ್ಚಿ, ಎಲ್ಲರಿಗೂ ಒಂದೊಂದು. ನನ್ನ ಪಕ್ಕ ಕೂತಿದ್ದ ಹರಿಹರದ ಕಡೆಯ ಹುಡುಗಿ ಅರ್ಧ ತಾಸಿನಲ್ಲಿ ನಿದ್ದೆ ಹೋದಳು. ವಯಸ್ಸು 20 ಇರಬಹುದು. ಮೈಕಿನವರು ಅವಳನ್ನು ನೋಡಿ ನಿಲ್ಲಿಸಿದರು. “ನೋಡಿ, ಕೆಲಸದಲ್ಲಿ ಮನಸ್ಸಿಲ್ಲದವರು ಹೀಗಿರುತ್ತಾರೆ” ಅಂದರು. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ನೀವೂ ನಕ್ಕಿರಿ. ಆ ಹುಡುಗಿ ಹಿಂದಿನ ದಿನ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರ ತನಕ ನಿಂತಿದ್ದಳು. ಆಮೇಲೆ ಹರಿಹರದ ಬಸ್ಸಿನಲ್ಲೂ ನಿಂತೇ ಹೋಗಿದ್ದಳು. ಅವಳಿಗೆ ಮನಸ್ಸಿಲ್ಲ ಅಂತ ಹೇಳುವುದಕ್ಕೆ ಅಷ್ಟು ದೂರದಿಂದ ಒಬ್ಬರು ಬರಬೇಕಾಯಿತು.

ಊಟದ ಹೊತ್ತಿನಲ್ಲಿ ನೀವು ನೀವೇ ಮಾತಾಡಿಕೊಳ್ಳುತ್ತಿದ್ದಿರಿ. ನಾನು ಬಡಿಸುವ ಟೇಬಲ್ ಹತ್ತಿರವೇ ಇದ್ದೆ. “ಈಗಿನ ಹುಡುಗೀರು ನಿಲ್ಲಲ್ಲ ಕಣ್ರೀ. ಕಲಿಸಿ ರೆಡಿ ಮಾಡೋ ಹೊತ್ತಿಗೆ ಬಿಟ್ಟು ಹೋಗ್ತಾರೆ.” ಇನ್ನೊಬ್ಬರು, “ನಮ್ಮಲ್ಲೂ ಅದೇ, ಒಬ್ಬರೂ ನಿಲ್ಲಲ್ಲ” ಅಂದರು. ನನಗೆ ನಗು ಬಂತು. ನಿಲ್ಲುವುದೇ ನಮ್ಮ ಕೆಲಸ ಸಾಹುಕಾರರೇ. ಬಿಟ್ಟು ಹೋದವರೆಲ್ಲ ನಿಂತೂ ನಿಂತೂ ಇನ್ನು ನಿಲ್ಲಲಾರೆ ಅಂತಲೇ ಹೋದವರು.

ನಮ್ಮ ಕೆಲಸ ಶುರುವಾಗುವ ಮಾತು ಯಾವುದು ಹೇಳಿ? “ಬರ್ರಿ ಅಕ್ಕಾರೆ, ಕುಂದ್ರಿ.” ದಿನಕ್ಕೆ ನೂರು ಸಲ ಹೇಳುತ್ತೇವೆ, ಕುಂದ್ರಿ, ಕುಂದ್ರಿ ಅಂತ. ಬಂದವರಿಗೆಲ್ಲ ಗಾದಿ ಇದೆ, ಸ್ಟೂಲ್ ಇದೆ, ಅಜ್ಜಿಗೆ ಬೆನ್ನು ಇರುವ ಕುರ್ಚಿ ಇದೆ. ಗಿರಾಕಿ ಇಲ್ಲದ ಮಧ್ಯಾಹ್ನ ಎಲ್ಲ ಖಾಲಿ ಇರುತ್ತವೆ. ಅವುಗಳ ಮುಂದೆ ನಾವು ನಿಂತಿರುತ್ತೇವೆ.

ಸೀರೆ ತೋರಿಸುವುದರಲ್ಲಿ ಏನಿದೆ, ಎತ್ತಿ ಹಾಕಿದರಾಯಿತು ಅನ್ನುವವರು ನಿಮ್ಮಲ್ಲೂ ಇದ್ದಾರೆ. ನಿಮ್ಮ ಅಪ್ಪಂದಿರು ಹಾಗೆ ಅನ್ನುತ್ತಿರಲಿಲ್ಲ, ಅವರೇ ಕೌಂಟರಿನಲ್ಲಿ ನಿಂತವರು. ಮದುವೆ ಜವಳಿ ತೆಗೆಯಲು ಜಗಳೂರಿನಿಂದ ಒಂದು ಕುಟುಂಬ ಬರುತ್ತದೆ ಅಂತ ಇಟ್ಟುಕೊಳ್ಳಿ. ಹದಿನಾಲ್ಕು ಜನ. ಮಾತಾಡುವವಳು ಹುಡುಗನ ಅಕ್ಕ. ದುಡ್ಡು ಕೊಡುವವರು ಬಾಗಿಲ ಹತ್ತಿರ ಫೋನ್ ನೋಡುತ್ತಿರುತ್ತಾರೆ. ಒಪ್ಪಿಗೆ ಕೊಡಬೇಕಾದವಳು ಮಾತ್ರ ಮೂಲೆಯಲ್ಲಿ ಸುಮ್ನೆ ಕೂತ ಸೋದರತ್ತೆ. ಅವಳ ಕಣ್ಣು ಯಾವ ಸೀರೆಯ ಮೇಲೆ ಎರಡನೇ ಸಲ ಹೋಯಿತು ಅಂತ ನೋಡಿಕೊಳ್ಳಬೇಕು. ಆ ಸೀರೆಯನ್ನು ಎಲ್ಲದರ ಕೆಳಗಿಟ್ಟು, ಅರ್ಧ ತಾಸಿನ ಮೇಲೆ ಈಗ ನೆನಪಾಯಿತು ಅನ್ನುವ ಹಾಗೆ ತೆಗೆಯಬೇಕು. ಇದನ್ನು ನನಗೆ ಯಾವ ಟ್ರೈನಿಂಗಿನಲ್ಲೂ ಕಲಿಸಲಿಲ್ಲ. ಅವರು ಹೋದ ಮೇಲೆ ಇನ್ನೂರು ಸೀರೆ ಗುಡ್ಡೆ ಬಿದ್ದಿರುತ್ತದೆ. ಮಡಿಕೆ ತಪ್ಪದ ಹಾಗೆ ಮಡಚಿ, ಬಾರ್ಡರ್ ಮುಂದೆ ಬರುವಂತೆ ರ‍್ಯಾಕಿಗೆ ಸೇರಿಸಬೇಕು. ಅಷ್ಟರಲ್ಲಿ ಇನ್ನೊಂದು ಗುಂಪು ಬಂದಿರುತ್ತದೆ, ಹಿರೇಕೆರೂರಿನದೋ ಹೊನ್ನಾಳಿಯದೋ.

ಸಂಜೆಗೆ ಪಾದ ಊದಿ ಚಪ್ಪಲಿಯ ಪಟ್ಟಿ ಒತ್ತುತ್ತದೆ. ಹತ್ತು ವರ್ಷ ದಾಟಿದವರ ಮೀನಖಂಡದಲ್ಲಿ ನೀಲಿ ನರ ಗಂಟು ಕಟ್ಟಿರುತ್ತದೆ. ನನಗೂ ಇದೆ. ಇನ್ನೊಂದು ವಿಷಯ ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ನಮ್ಮಲ್ಲಿ ಜಾಸ್ತಿ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಕಕ್ಕಸು ಮೂರನೇ ಮಹಡಿಯ ಗೋಡೌನ್ ಹಿಂದೆ. ಕೀಲಿ ಗಲ್ಲೆಯಲ್ಲಿ. ಗಲ್ಲೆಯಲ್ಲಿ ಕೂತ ಗಂಡಸರ ಹತ್ತಿರ ಹೋಗಿ ಕೀಲಿ ಕೇಳಬೇಕು. ಏಪ್ರಿಲ್ ತಿಂಗಳಿನ ದಾವಣಗೆರೆ ಬಿಸಿಲು ನಿಮಗೆ ಗೊತ್ತಲ್ಲ. ಆ ಬಿಸಿಲಲ್ಲೂ ನೀರು ಕುಡಿಯದೆ ನಗುನಗುತ್ತಾ ರೇಷ್ಮೆ ತೋರಿಸುವ ಹುಡುಗಿಗೆ ಹುರುಪು ಕಮ್ಮಿ ಅನ್ನುತ್ತೀರಿ.

ನಾನು ಮೊದಲು ಕೆಲಸ ಮಾಡಿದ ಒಂದು ಅಂಗಡಿಯಲ್ಲಿ ಎರಡು ಸ್ಟೂಲ್ ಇದ್ದವು. ಮೇಲಿನ ರ‍್ಯಾಕಿನಿಂದ ಸೀರೆ ಇಳಿಸಲು ಇಟ್ಟವು. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಗಿರಾಕಿ ಕಮ್ಮಿ. ಆಗ ಒಬ್ಬರಾದ ಮೇಲೆ ಒಬ್ಬರು ಹತ್ತು ಹತ್ತು ನಿಮಿಷ ಅದರ ಮೇಲೆ ಕೂರುತ್ತಿದ್ದೆವು. ಅಂಗಡಿಗೆ ಕ್ಯಾಮೆರಾ ಬಂದ ವಾರವೇ ಫೋನ್ ಬಂತು. ಸಣ್ಣ ಸಾಹುಕಾರರು ಮನೆಯಲ್ಲಿ ಊಟ ಮಾಡುತ್ತಾ ಮೊಬೈಲಿನಲ್ಲಿ ನೋಡುತ್ತಿದ್ದರಂತೆ. “ಯಾರದು ಕುಂತಿರೋದು?” ಅಷ್ಟೇ ಕೇಳಿದ್ದು. ಮರುದಿನ ಸ್ಟೂಲ್ ಎರಡೂ ಗೋಡೌನಿಗೆ ಹೋದವು, ಮೇಲಿನ ರ‍್ಯಾಕಿಗೆ ಕಬ್ಬಿಣದ ಏಣಿ ಬಂತು. ಏಣಿಯ ಮೇಲೆ ಯಾರೂ ಕೂರುವುದಿಲ್ಲ ನೋಡಿ. ಆ ತಿಂಗಳು ಮೂರು ಜನ ಬಿಟ್ಟರು. ಸ್ಟೂಲ್ ತೆಗೆದದ್ದಕ್ಕೆ ಬಿಟ್ಟೆ ಅಂತ ಯಾರೂ ಹೇಳಲಿಲ್ಲ. ಒಬ್ಬಳು ಅಮ್ಮನಿಗೆ ಹುಷಾರಿಲ್ಲ ಅಂದಳು, ಇನ್ನೊಬ್ಬಳು ಮದುವೆ ಅಂದಳು. ಮದುವೆ ಆಗಿದ್ದು ಎರಡು ವರ್ಷದ ಮೇಲೆ.

ಕೇರಳದಲ್ಲಿ ಇದೇ ವಿಷಯಕ್ಕೆ ದೊಡ್ಡ ಹೋರಾಟವೇ ನಡೆಯಿತು. ಕೋಳಿಕ್ಕೋಡಿನಲ್ಲಿ ಮಿಠಾಯಿ ತೆರುವು ಅಂತ ಒಂದು ಪೇಟೆ ಬೀದಿ ಇದೆ, ನಮ್ಮ ಚೌಕಿಪೇಟೆಯ ಹಾಗೆ. ಅಲ್ಲಿ ವಿಜಿ ಅನ್ನುವ ಟೈಲರ್ ಹೆಂಗಸು ಅಂಗಡಿ ಹುಡುಗಿಯರನ್ನು ಕೂಡಿಸಿಕೊಂಡು ಮೊದಲು ಕಕ್ಕಸು ಕೇಳಿದರು. ಆಮೇಲೆ ಕೂರುವ ಹಕ್ಕು ಕೇಳಿದರು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆಯನ್ನೇ ತಿದ್ದಿ, ಕೆಲಸದವರಿಗೆ ಕೂರಲು ಅವಕಾಶ ಇರಬೇಕು ಅಂತ ಸೇರಿಸಿತು. 2021ರಲ್ಲಿ ತಮಿಳುನಾಡು ಅದನ್ನೇ ಮಾಡಿತು. ಫ್ಯಾಕ್ಟರಿಗಳಿಗಂತೂ 1948ರ ಕಾಯ್ದೆಯ 44ನೇ ಸೆಕ್ಷನ್‌ನಲ್ಲೇ, ನಿಂತು ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರುವ ಏರ್ಪಾಡು ಇರಬೇಕು ಅಂತ ಬರೆದಿತ್ತು. ಮಿಲ್ಲಿನಲ್ಲಿದ್ದ ನಮ್ಮಪ್ಪನಿಗೆ ಅಷ್ಟು ಹಿಂದೆಯೇ ಸಿಕ್ಕ ಸ್ಟೂಲು ಅವರ ಮಗಳಿಗೆ ಸಿಕ್ಕಿಲ್ಲ. ಒಂದು ಸ್ಟೂಲಿಗೆ ವಿಧಾನಸೌಧದ ತನಕ ಹೋಗಬೇಕಾ? ಅಂಗಡಿಯ ಗಲ್ಲೆಯಿಂದಲೇ ಆಗುವ ಕೆಲಸ ಅಲ್ವಾ ಇದು?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇನ್‌ಚಾರ್ಜ್ ಆದ ಹೊಸದರಲ್ಲಿ ಲಂಗ-ಫಾಲ್ಸ್ ಕೌಂಟರಿನ ಹುಡುಗಿ ಗಿರಾಕಿಯ ಕುರ್ಚಿಯಲ್ಲಿ ಕೂತಿದ್ದಳು ಅಂತ ಎಲ್ಲರೆದುರು ಬೈದಿದ್ದೆ. “ಇದೇನು ನಿಮ್ಮನೆ ಜಗಲಿನಾ?” ಅಂದಿದ್ದೆ. ಸಾಹುಕಾರರು ಆಗ ಅಂಗಡಿಯಲ್ಲಿ ಇರಲೇ ಇಲ್ಲ. ನಾನೇ ಅವರ ಕ್ಯಾಮೆರಾ ಆಗಿದ್ದೆ. ಆ ಹುಡುಗಿ ಈಗ ಎಲ್ಲಿದ್ದಾಳೋ. ಈ ಪತ್ರ ಕಣ್ಣಿಗೆ ಬಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ತಂಗಿ.

ನನ್ನ ಮಗಳು ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಓದುತ್ತಿದ್ದಾಳೆ. ಟ್ರೈನಿಂಗಿನ ಕಥೆ ಹೇಳಿದೆ. “ಅಮ್ಮ, ಇದು ನಮ್ಮ ಸಿಲಬಸ್ಸಿನಲ್ಲೇ ಇದೆ” ಅಂತ ಪುಸ್ತಕ ತೆಗೆದಳು. ಫೋರ್ಡ್ ಕಾರಿನವರಿಗೂ ನಿಮ್ಮದೇ ಗೋಳು ಇತ್ತಂತೆ. 1913ರಲ್ಲಿ ಅವರ ಫ್ಯಾಕ್ಟರಿಯಲ್ಲಿ ಸುಮಾರು 14 ಸಾವಿರ ಜನರ ಕೆಲಸ ನಡೆಸಲು ವರ್ಷಕ್ಕೆ 50 ಸಾವಿರಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಳ್ಳಬೇಕಾಯಿತಂತೆ. ಬಂದವರು ಬಂದ ಹಾಗೇ ಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನದ ದುಡಿಮೆಗೆ 5 ಡಾಲರ್ ಅಂತ ಸಾರಿದರು. ಅದು ಮೊದಲಿದ್ದದ್ದರ ಹೆಚ್ಚುಕಡಿಮೆ ಎರಡರಷ್ಟು. 9 ಗಂಟೆಯ ಪಾಳಿಯನ್ನು 8ಕ್ಕೆ ಇಳಿಸಿದರು. ಗೇಟಿನ ಮುಂದೆ ಕೆಲಸ ಕೇಳಿಕೊಂಡು ಜಾತ್ರೆಯಷ್ಟು ಜನ ಬಂದರು. ಬಲೂನು ಊದಿಸಿದ್ದು ಎಲ್ಲೂ ಬರೆದಿಲ್ಲ. ಅವರೇನು ಧರ್ಮರಾಯನಲ್ಲ ಬಿಡಿ. ಆ ಹೆಚ್ಚಿನ ದುಡ್ಡು ಕೊಡುವ ಮೊದಲು ಕೆಲಸದವರ ಮನೆಗೇ ಜನ ಕಳಿಸಿ, ಕುಡಿಯುತ್ತಾರಾ, ಮನೆ ಚೊಕ್ಕ ಇಟ್ಟಿದ್ದಾರಾ ಅಂತ ನೋಡಿಸುತ್ತಿದ್ದರಂತೆ. ಊಟ ಮಾಡುತ್ತಾ ಕ್ಯಾಮೆರಾ ನೋಡುವವರು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಅದೇ ಪುಸ್ತಕದಲ್ಲಿ ಹರ್ಜ್‌ಬರ್ಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರ ಮಾತೂ ಇತ್ತು. 1959ರಲ್ಲಿ ಅವರು ಮತ್ತು ಜೊತೆಯವರು ಹೇಳಿದ್ದು ಇಷ್ಟು. ಸಂಬಳ, ಮೇಲಿನವರ ನಡವಳಿಕೆ, ಕೆಲಸದ ಜಾಗ, ಇವು ಸರಿಯಿಲ್ಲದಿದ್ದರೆ ಜನಕ್ಕೆ ಬೇಸರ ಬರುತ್ತದೆ. ಸರಿ ಮಾಡಿದರೆ ಬೇಸರ ಹೋಗುತ್ತದೆ, ಆದರೆ ಅಷ್ಟರಿಂದಲೇ ಹುರುಪು ಬರುವುದಿಲ್ಲ. ಹುರುಪು ಬರುವುದು ಕೆಲಸದ ಒಳಗಿಂದ. ನಾನು ಇದನ್ನು ಮಾಡಿದೆ, ಇದು ಚೆನ್ನಾಗಿ ಬಂತು, ಅದನ್ನು ನಾಲ್ಕು ಜನ ಕಂಡರು, ಅನ್ನುವುದರಿಂದ. ಇದನ್ನು ಓದಿ ನನಗೆ ಮೊದಲು ಸಿಟ್ಟು ಬಂತು. ಹಾಗಾದರೆ ಸ್ಟೂಲು, ಸಂಬಳ ಮುಖ್ಯ ಅಲ್ಲವಾ ಅಂತ ಮಗಳನ್ನೇ ಕೇಳಿದೆ. ಇವರು ಯಾರನ್ನು ಕೇಳಿ ಬರೆದರು ಅಂತ ನೋಡಿದರೆ, ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳು. ಸರಿ ಹೋಯಿತು. ಅವರೆಲ್ಲರಿಗೂ ಕುರ್ಚಿ ಇತ್ತಲ್ಲ!

ಆದರೆ ರಾತ್ರಿ ಮಲಗಿದ ಮೇಲೆ ಆ ಮಾತೇ ತಲೆಯಲ್ಲಿ ಸುತ್ತಿತು. ಅದರಲ್ಲಿ ನಿಜ ಇದೆ. ನನ್ನ 22 ವರ್ಷದಲ್ಲಿ ನನಗೆ ಕೆಲಸಕ್ಕೆ ಓಡಿ ಹೋಗಬೇಕು ಅನ್ನಿಸಿದ್ದು ಒಂದು ಮೂರು ವರ್ಷ. ಆ ಅಂಗಡಿಯಲ್ಲಿ ಸಂಬಳ ಉಳಿದ ಕಡೆಗಿಂತ ಜಾಸ್ತಿ ಏನೂ ಇರಲಿಲ್ಲ. ಇದ್ದದ್ದು ಒಂದು ನೋಟ್‌ಬುಕ್.

ಆ ಅಂಗಡಿಯ ಹಳೇ ಸಾಹುಕಾರರು ಜಾಸ್ತಿ ಓದಿದವರಲ್ಲ. ಗಲ್ಲೆಯ ಹತ್ತಿರ ಇನ್ನೂರು ಪುಟದ ಒಂದು ಪುಸ್ತಕಕ್ಕೆ ದಾರ ಕಟ್ಟಿ ಪೆನ್ನು ನೇತುಹಾಕಿದ್ದರು. ನಾವು ಅದನ್ನು ‘ಇಲ್ಲ ಪುಸ್ತಕ’ ಅನ್ನುತ್ತಿದ್ದೆವು. ಗಿರಾಕಿ ಏನು ಕೇಳಿದರು, ನಾವು ಯಾವುದಕ್ಕೆ ಇಲ್ಲ ಅಂದೆವು, ಅದನ್ನು ರಾತ್ರಿ ಶಟರ್ ಎಳೆಯುವ ಮೊದಲು ಬರೆಯಬೇಕು. ಮೂರು ಕಾಲಂ. ಏನು ಕೇಳಿದರು. ಯಾವ ಊರಿನವರು. ಬರೆದವರ ಹೆಸರು. ಕೆಲವರಿಗೆ ಬರೆಯಲು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಬರೆದು ಅವರ ಹೆಸರೇ ಹಾಕುತ್ತಿದ್ದೆ.

ದೀಪಾವಳಿ ಮಾಲಿಗೆ ಆರ್ಡರ್ ಕೊಡುವ ಮೊದಲು ಸಾಹುಕಾರರು ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಗಾದಿಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಹೌದು, ಕೂರಿಸಿಕೊಂಡು. ಮಂಡಕ್ಕಿ, ಮೆಣಸಿನಕಾಯಿ ತರಿಸುತ್ತಿದ್ದರು. ಪುಸ್ತಕ ಬಿಚ್ಚಿ ಒಂದೊಂದೇ ಸಾಲು ಓದುವುದು. “ಈರುಳ್ಳಿ ಸಿಪ್ಪೆ ಬಣ್ಣ ಅಂತ ಏಳು ಸಲ ಬರೆದೀರಿ, ಅದು ಯಾವ ಬಣ್ಣಾರಿ?” ಅಂತ ಕೇಳುವುದು. ನಾವು ಗೋಡೌನೆಲ್ಲ ಹುಡುಕಿ ಹತ್ತಿರದ ಬಣ್ಣ ತೋರಿಸುವುದು. ಸೂರತ್ತಿನ ಏಜೆಂಟ್ ಬಂದಾಗಲೂ ನಮ್ಮಲ್ಲಿ ಇಬ್ಬರನ್ನು ಪಕ್ಕಕ್ಕೆ ಕರೆಯುತ್ತಿದ್ದರು. ಏಜೆಂಟ್ ಹುಬ್ಬು ಏರಿಸಿದರೆ, “ಮಾರೋರು ಅವರು, ನಾನಲ್ಲ” ಅನ್ನುತ್ತಿದ್ದರು.

ನಮ್ಮ ಜೊತೆ ಒಬ್ಬರು ಹಿರಿಯರಿದ್ದರು, ಎಲ್ಲರಿಗೂ ಅತ್ತೆ. ಜಾಸ್ತಿ ಮಾತಿಲ್ಲ. ಕಾಟನ್ ಸೀರೆ ಕೌಂಟರು. ಅವರು ಹೇಳಿ ಬರೆಸಿದ್ದು ಒಂದೇ ವಿಷಯ, ವರ್ಷವಿಡೀ: ಹದಿನೆಂಟು ಮೊಳದ ಸೀರೆ ಇಲ್ಲ. ಹಳ್ಳಿಯ ಅಜ್ಜಿಯರು ಬಂದು ಕೇಳುತ್ತಾರೆ, ಇಲ್ಲ ಅಂದರೆ ಮೊಮ್ಮಗಳಿಗೂ ಏನೂ ತೆಗೆಯದೆ ಎದ್ದು ಹೋಗುತ್ತಾರೆ. ನಾವು ನಗುತ್ತಿದ್ದೆವು, ಈ ಕಾಲದಲ್ಲಿ ಅದನ್ನು ಯಾರು ಉಡುತ್ತಾರೆ ಅಂತ. ದುಗ್ಗಮ್ಮನ ಜಾತ್ರೆ ಇದ್ದ ವರ್ಷ ಅದು. ಸಾಹುಕಾರರು ಒಂದು ಕಟ್ಟು ತರಿಸಿದರು. ಜಾತ್ರೆಗೆ ಇನ್ನೂ ಒಂದು ವಾರ ಇರುವಾಗಲೇ ಖಾಲಿ. ಇನ್ನೊಂದು ಕಟ್ಟು ತರಿಸಿದರು. ಆವತ್ತು ರಾತ್ರಿ ಎಲ್ಲರೂ ಇರುವಾಗ ಅವರು ಹೇಳಿದ್ದು ಒಂದೇ ಮಾತು: “ಇದು ಅತ್ತೆ ಮಾಲು.” ಆಮೇಲೆ ಅಂಗಡಿಯಲ್ಲಿ ಆ ರ‍್ಯಾಕಿಗೆ ಅತ್ತೆ ರ‍್ಯಾಕು ಅಂತಲೇ ಹೆಸರಾಯಿತು. ಅತ್ತೆ ಅದಾದ ಮೇಲೆ ಒಂದು ದಿನವೂ ತಡವಾಗಿ ಬರಲಿಲ್ಲ. ಮೊದಲು ವಾರಕ್ಕೆರಡು ಸಲ ತಡ ಅವರದು.

ಅವರಿಗೆ ಆ ವರ್ಷ ಬಹುಮಾನ, ಫೋಟೋ ಏನೂ ಸಿಕ್ಕಲಿಲ್ಲ. ಫೋಟೋ ಅಂದಾಗ ನೆನಪಾಯಿತು. ನೀವು ಮೆಟ್ಟಿಲ ಹತ್ತಿರ ‘ಈ ತಿಂಗಳ ಬೆಸ್ಟ್’ ಅಂತ ಫೋಟೋ ಹಾಕುತ್ತೀರಲ್ಲ, ಅದರಲ್ಲಿ ಯಾವಾಗಲೂ ರೇಷ್ಮೆ ಕೌಂಟರಿನವರೇ ಯಾಕೆ ಇರುತ್ತಾರೆ ಗೊತ್ತಾ? ಲೆಕ್ಕ ಹಾಕುವುದು ರೂಪಾಯಿಯಲ್ಲಿ. ಒಂದು ಮೊಳಕಾಲ್ಮೂರು ಸೀರೆ ಮಾರಿದವಳ ಲೆಕ್ಕಕ್ಕೆ ಸಮ ಬರಬೇಕಾದರೆ ಲಂಗ ಮಾರುವವಳು ವಾರವಿಡೀ ಕೈ ಬಿಡುವಿಲ್ಲದೆ ಮಾರಬೇಕು. ಅವಳಿಗೆ ಇದು ಮೊದಲ ತಿಂಗಳೇ ಗೊತ್ತಾಗುತ್ತದೆ. ಆಮೇಲೆ ಆ ಫೋಟೋ ನೋಡುವುದನ್ನೇ ಬಿಡುತ್ತಾಳೆ. ಸೀರೆಗಿಷ್ಟು ಕಮಿಷನ್ ಅನ್ನುವುದು ಇನ್ನೂ ಕಷ್ಟ. ಅದು ಬಂದ ಅಂಗಡಿಯಲ್ಲಿ ‘ನನ್ನ ಗಿರಾಕಿ, ನಿನ್ನ ಗಿರಾಕಿ’ ಅಂತ ಬಾಗಿಲಲ್ಲೇ ಎಳೆದಾಟ. ಗಿರಾಕಿ ಕೇಳಿದ್ದು ಪಕ್ಕದ ಕೌಂಟರಿನಲ್ಲಿದೆ ಅಂತ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಕಮಿಷನ್ ಅವಳಿಗೆ ಹೋಗುತ್ತದಲ್ಲ. ಹಾಗೆ ಎದ್ದು ಹೋದ ಗಿರಾಕಿಗಳ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲಿ ಬರುವುದಿಲ್ಲ.

ನಮ್ಮಪ್ಪನ ವಿಷಯ ಆಗಲೇ ಬಂತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವರು ಒಂದು ಹತ್ತಿ ಮಿಲ್ಲಿನ ನೂಲುವ ಖಾತೆಯಲ್ಲಿದ್ದರು. ಮಿಲ್ಲಿನ ಬಗ್ಗೆ ಹೊಗಳಿ ಬರೆಯುವ ಆಸೆ ನನಗಿಲ್ಲ. ಹತ್ತಿಯ ದೂಳು ಅವರ ಎದೆಯಲ್ಲಿ ಕೂತು ಕೊನೆ ತನಕ ಕೆಮ್ಮಿಸಿತು. ಆದರೆ ಅಪ್ಪ ನೂಲನ್ನು ಎರಡು ಬೆರಳಿನ ನಡುವೆ ತಿಕ್ಕಿ ಅದು ಎಷ್ಟನೇ ನಂಬರ್, ಅಂದರೆ ಎಷ್ಟು ಸಣ್ಣ ನೂಲು ಅಂತ ಹೇಳುತ್ತಿದ್ದರು. ಮೇಲಿನ ಆಫೀಸರು ಅನುಮಾನ ಬಂದಾಗ ಅಪ್ಪನನ್ನೇ ಕರೆಸುತ್ತಿದ್ದರು. ಊರಿನ ಮಿಲ್ಲುಗಳೆಲ್ಲ ಒಂದೊಂದಾಗಿ ಮುಚ್ಚುತ್ತಾ ಬಂದಾಗ ಅಪ್ಪನದೂ ಮುಚ್ಚಿತು. ಬಾಕಿ ಬರಬೇಕಾದ ದುಡ್ಡಿನ ವಿಷಯ ಅವರು ಮನೆಯಲ್ಲಿ ಎತ್ತಿದ್ದು ಕಮ್ಮಿ. ಅಂಗಡಿಯಲ್ಲಿ ಹೊಸ ಅಂಗಿ ಬಟ್ಟೆ ಕೊಂಡಾಗ ಮಾತ್ರ, ಅಂಚಿನಿಂದ ಒಂದು ಎಳೆ ಬಿಚ್ಚಿ, ತಿಕ್ಕಿ, ನಂಬರ್ ಹೇಳುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ. ಅಂಗಡಿಯವನು, “ಯಜಮಾನ್ರೇ, ಬಟ್ಟೆ ಎಳೀಬ್ಯಾಡ್ರಿ” ಅನ್ನುತ್ತಿದ್ದ.

ನನ್ನ ಹುಡುಗಿಯರ ಕೈಯಲ್ಲೂ ಅಂಥ ವಿದ್ಯೆ ಇದೆ. ಬಣ್ಣ ಹೋಗುವ ಸೀರೆ ಯಾವುದು, ಯಾವ ಬಾರ್ಡರ್ ಎರಡು ತೊಳೆತಕ್ಕೆ ಮುದುರುತ್ತದೆ, ಯಾವ ಊರಿನವರು ಹಸಿರನ್ನು ಮುಟ್ಟುವುದಿಲ್ಲ, ಎಲ್ಲ ಗೊತ್ತು. ನೀವು ಕೇಳುವುದಿಲ್ಲ. ನಿಮ್ಮಿಂದ ನಮಗೆ ಬರುವ ಪ್ರಶ್ನೆ ಎರಡೇ: ಯಾಕೆ ತಡ? ಯಾಕೆ ಗಿರಾಕಿ ಎದ್ದು ಹೋದರು? ಎರಡನೆಯದಕ್ಕೆ ನಮ್ಮ ಹತ್ತಿರ ಉತ್ತರ ಇದೆ. ಆದರೆ ಆ ದನಿಯಲ್ಲಿ ಕೇಳಿದರೆ ಯಾರು ಹೇಳುತ್ತಾರೆ?

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸೀರೆ ತರಿಸುವವರು ಜಾಸ್ತಿಯಾಗಿದ್ದಾರೆ. ಅಂಗಡಿಗೆ ಬಂದು ನಮ್ಮ ಸೀರೆಯ ಫೋಟೋ ಹೊಡೆದುಕೊಂಡು, ರೇಟು ನೋಡಿ ಹೋಗುವವರಿದ್ದಾರೆ. ಬಾಡಿಗೆ ಏರಿದೆ, ಸೂರತ್ತಿನವರು ಮೊದಲಿನಷ್ಟು ದಿನ ಉದ್ರಿ ಕೊಡುತ್ತಿಲ್ಲ. ದೀಪಾವಳಿಗೆ ನಾಲ್ಕು ದಿನ ಇದೆ ಅನ್ನುವಾಗ ಹೇಳದೆ ಕೇಳದೆ ಕೆಲಸ ಬಿಡುವ ಹುಡುಗಿಯರ ಮೇಲೆ ನನಗೂ ಉರಿಯುತ್ತದೆ, ಅವರ ಕೌಂಟರಿಗೂ ನಾನೇ ನಿಲ್ಲಬೇಕು. ಗಿರಾಕಿ ಮುಂದೆಯೇ ರೀಲ್ಸ್ ನೋಡುವವರೂ ಇದ್ದಾರೆ. ಅಂಥವರಿಗೆ ಸ್ಟೂಲು ಕೊಟ್ಟರೆ ಕೂತು ನೋಡುತ್ತಾರೆ, ಅಷ್ಟೇ. ಅವರನ್ನು ನಾನು ನೋಡಿಕೊಳ್ಳುತ್ತೇನೆ ಬಿಡಿ.

ದುಡ್ಡಿನ ಮಾತು ಸ್ವಲ್ಪದರಲ್ಲಿ ಮುಗಿಸುತ್ತೇನೆ. ಮಿಲ್ಲಿನಲ್ಲಿ ಬಟವಾಡೆ ದಿನ ಅಂದರೆ ಅದೇ ದಿನ, ಇಡೀ ಕೇರಿಗೆ ಗೊತ್ತು, ಕಿರಾಣಿ ಅಂಗಡಿಯವನಿಗೂ ಗೊತ್ತು. ನಮ್ಮಲ್ಲಿ ಕೆಲವು ಅಂಗಡಿಗಳಲ್ಲಿ ಸಂಬಳ ಬರುವುದು ಒಂದು ತಿಂಗಳು 5ನೇ ತಾರೀಕು, ಇನ್ನೊಂದು ತಿಂಗಳು 12, ಸೀಸನ್ ಡಲ್ ಇದ್ದರೆ 18. ಕಾಯ್ದೆ ಪ್ರಕಾರ 7ನೇ ತಾರೀಕಿನ ಒಳಗೆ ಬರಬೇಕು. ಸಂಘದ ಸಾಲದ ಕಂತು ಕಟ್ಟುವವಳಿಗೆ ಐನೂರು ರೂಪಾಯಿ ಜಾಸ್ತಿ ಸಂಬಳಕ್ಕಿಂತ ತಾರೀಕು ತಪ್ಪದ ಸಂಬಳ ದೊಡ್ಡದು. ಹಾಗೇ ರಾಜ್ಯದ 1961ರ ಅಂಗಡಿ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ, ಮೇಲೆ ದುಡಿಸಿದರೆ ಎರಡರಷ್ಟು ಕೂಲಿ ಅನ್ನುತ್ತದೆ. ಕಾಯ್ದೆ ಹೇಳುವ ಕನಿಷ್ಠ ಬೋನಸ್ 8.33 ಪರ್ಸೆಂಟ್ ಅಂದರೆ ವರ್ಷದ ಸಂಬಳದ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ಒಂದು ಡಬ್ಬಿ ಸೋನ್ ಪಾಪಡಿ ಅಲ್ಲ. ನಿಮ್ಮ ಆಡಿಟರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು.

ಗಲ್ಲೆಯ ಮೇಲೆ ‘ಕಾಯಕವೇ ಕೈಲಾಸ’ ಅಂತ ಬೋರ್ಡು ಹಾಕಿದ್ದೀರಿ. ಒಳ್ಳೆಯದು. ನಮ್ಮ ಕಡೆ ಕಾಯಕ ಅಂದಲ್ಲಿ ದಾಸೋಹ ಅನ್ನುವ ಮಾತೂ ಜೊತೆಗೇ ಬರುತ್ತದೆ. ಆ ಬೋರ್ಡನ್ನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಕೌಂಟರಿಗೊಂದು ಸ್ಟೂಲು ಇಡಿ, ಗಿರಾಕಿ ಬಂದಾಗ ಎದ್ದು ನಿಲ್ಲುವುದು ನಮಗೆ ಗೊತ್ತು. ಕಕ್ಕಸಿನ ಕೀಲಿ ಗಲ್ಲೆಯಿಂದ ತೆಗೆದು ಫಾಲ್ಸ್ ಕೌಂಟರಿನ ಮೊಳೆಗೆ ತೂಗುಹಾಕಿ. ವಾರದ ರಜೆ ಯಾವ ದಿನ ಅಂತ ಹಿಂದಿನ ರಾತ್ರಿ ಹೇಳಬೇಡಿ, ತಿಂಗಳ ಮೊದಲೇ ಬರೆದು ಅಂಟಿಸಿ, ಮಕ್ಕಳ ಶಾಲೆಗೆ ಹೋಗುವವರಿದ್ದೇವೆ. ಆ ರಜೆಯ ದಿನ ಟ್ರೈನಿಂಗ್ ಇಡಬೇಡಿ. ಒಂದು ವರ್ಷ ಆ ಟ್ರೈನಿಂಗನ್ನೇ ಬಿಟ್ಟು ನೋಡಿ, ಆ ದುಡ್ಡಿನಲ್ಲಿ ಎಷ್ಟು ಸ್ಟೂಲು ಬರುತ್ತವೆ ಅಂತ ಲೆಕ್ಕ ಹಾಕಿ.

ಮತ್ತೆ ಆ ನೋಟ್‌ಬುಕ್. ಅದನ್ನು ನಾನು ನಿಮಗಾಗಿ ಕಾಯಲಿಲ್ಲ. ಟ್ರೈನಿಂಗ್ ಮುಗಿದ ಮರುದಿನವೇ 40 ರೂಪಾಯಿ ಕೊಟ್ಟು ತಂದಿಟ್ಟೆ. ಮೂರು ಕಾಲಂ ಗೀಟು ಹಾಕಿದೆ: ಏನು ಕೇಳಿದರು, ಯಾವ ಊರಿನವರು, ಬರೆದವರು ಯಾರು. ನಮ್ಮ ಸಾಹುಕಾರರಿಗೆ ಇನ್ನೂ ಹೇಳಿಲ್ಲ. ಹನ್ನೊಂದು ಪುಟ ತುಂಬಿದೆ. ಲ್ಯಾವೆಂಡರ್ ಬಣ್ಣದ ಸೀರೆಯನ್ನು ಹದಿನಾರು ಸಲ ಕೇಳಿದ್ದಾರೆ, ನಮ್ಮಲ್ಲಿ ಎರಡೇ ಪೀಸ್ ಇದ್ದವು. ರೆಡಿ ಬ್ಲೌಸಿನಲ್ಲಿ ದೊಡ್ಡ ಸೈಜ್ ಇಲ್ಲ ಅಂತ ದಿನಾ ಒಬ್ಬರಾದರೂ ಬರೆಯುತ್ತಾರೆ.

ಮೊದಲ ಪುಟದ ಮೊದಲ ಸಾಲು ಮಾತ್ರ ಆ ಹರಿಹರದ ಕಡೆಯ ಹುಡುಗಿಯದು, ನಿದ್ದೆ ಹೋದವಳದು. ಈ ತಿಂಗಳ ಕೊನೆಗೆ ಬಿಡುತ್ತೇನೆ ಅನ್ನುತ್ತಿದ್ದಾಳೆ. ಏನು ಕೇಳಿದರು ಅನ್ನುವ ಕಾಲಂನಲ್ಲಿ ಗುಂಡಗೆ ‘ಸ್ಟೂಲ್’ ಅಂತ ಬರೆದಿದ್ದಾಳೆ. ಯಾವ ಊರಿನವರು ಅನ್ನುವಲ್ಲಿ ‘ಇಲ್ಲಿಯವರೇ’ ಅಂತ ಇದೆ.

ಪುಸ್ತಕ ಗಲ್ಲೆಯ ಎಡಗಡೆಯ ಎರಡನೇ ಡ್ರಾಯರಿನಲ್ಲಿದೆ, ಬಿಲ್ ರೋಲುಗಳ ಕೆಳಗೆ. ಬಿಡುವಾದಾಗ ನಿಮ್ಮ ಡ್ರಾಯರನ್ನೂ ಒಮ್ಮೆ ತೆಗೆದು ನೋಡಿ.

ಇಂತಿ,
ಸೀರೆ ತೋರಿಸುವವಳು
ನಿಟುವಳ್ಳಿ, ದಾವಣಗೆರೆ